ದಾವಣಗೆರೆಯಲ್ಲಿ ಶನಿವಾರ, ಭಾನುವಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಬರುವ ನೆಂಟರು, ಗೆಳೆಯರು, ಆ ಗೆಳೆಯರ ಗೆಳೆಯರು ಹೊರಡುವ ಮುನ್ನ ಫೋನ್ ಮಾಡಿ ಕೇಳುವ ಪ್ರಶ್ನೆಗಳು ವರ್ಷಗಳಿಂದ ಹೆಚ್ಚು ಕಡಿಮೆ ಒಂದೇ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಟ್ಟಿಯಾದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ದಾವಣಗೆರೆ ಎಂದರೆ ದೋಸೆ ತಿಂದು ಮುಂದಕ್ಕೆ ಹೋಗುವ ಊರು ಎಂದು ತಿಳಿದವರು ಬಹಳ. ಎರಡು ದಿನ ಇಲ್ಲಿ ಕಳೆದವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಊರು ಇಷ್ಟೊಂದು ಹರಡಿಕೊಂಡಿದೆ. ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಕೂರಬೇಡಿ. ಮೊದಲು ದಿಕ್ಕು ಆರಿಸಿಕೊಳ್ಳಿ. ಬೆಳಿಗ್ಗೆ ಒಂದು ದಿಕ್ಕು, ಸಂಜೆ ಒಂದು ದಿಕ್ಕು. ಒಂದು ಹೊತ್ತಿಗೆ ಎರಡು ದಿಕ್ಕು ಬೇಡವೇ ಬೇಡ. ನಾನು ಎಲ್ಲರಿಗೂ ಹೇಳುವುದು ಇದೊಂದೇ ಮಾತು.

ದಾವಣಗೆರೆಯನ್ನು ರೈಲು ಹಳಿ ಸೀಳಿಕೊಂಡು ಹೋಗಿದೆ. ಹಳಿಯ ಒಂದು ಮಗ್ಗುಲಿಗೆ ದುಗ್ಗಮ್ಮನ ಗುಡಿ, ಮಂಡಕ್ಕಿ ಭಟ್ಟಿಗಳಿರುವ ಹಳೇ ಊರು. ಇನ್ನೊಂದು ಮಗ್ಗುಲಿಗೆ ಪಿ.ಜೆ. ಬಡಾವಣೆ, ಎಂ.ಸಿ.ಸಿ., ವಿದ್ಯಾನಗರ, ಶಾಮನೂರು ಎಂದು ಬೆಳೆಯುತ್ತಲೇ ಹೋದ ಹೊಸ ಊರು. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ಕಾದು ನಿಂತ ನೆನಪಿಲ್ಲದ ದಾವಣಗೆರೆಯವರು ಸಿಗುವುದು ಕಷ್ಟ. ಊರ ಹೊರಗಿನ ಜಾಗಗಳೂ ಹೀಗೆಯೇ ಗುಂಪು ಗುಂಪಾಗಿವೆ. ಕುಂದವಾಡ ಕೆರೆ, ಬಾತಿ ಗುಡ್ಡ, ಹರಿಹರ ಒಂದು ಕಡೆ. ಆನಗೋಡು, ಚಿತ್ರದುರ್ಗ ಇನ್ನೊಂದು ಕಡೆ. ಸಂತೇಬೆನ್ನೂರು, ಸೂಳೆಕೆರೆ ಚನ್ನಗಿರಿಯ ಕಡೆ.

ಈ ಮಾತು ನನಗೆ ಅನುಭವದಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ ತಂಗಿಯ ಮನೆಯವರು ಬಂದಿದ್ದಾಗ ಒಂದೇ ದಿನದಲ್ಲಿ ಹರಿಹರವನ್ನೂ ಚಿತ್ರದುರ್ಗವನ್ನೂ ತೋರಿಸುತ್ತೇನೆಂದು ಹೊರಟೆ. ಹರಿಹರದಲ್ಲಿ ಗುಡಿ ನೋಡಿ, ಹೊಳೆಯ ಹತ್ತಿರ ಹೋಗಿ, ಊಟ ಮುಗಿಸುವಷ್ಟರಲ್ಲಿ ಹೊತ್ತು ಜಾರಿತ್ತು. ಮತ್ತೆ ದಾವಣಗೆರೆ ದಾಟಿ ದುರ್ಗ ಮುಟ್ಟಿದಾಗ ನಾಲ್ಕೂವರೆ. ಮಕ್ಕಳು ಕಾರಿನಲ್ಲಿ ನಿದ್ದೆಗೆ ಜಾರಿದ್ದರು. ಎಬ್ಬಿಸಿ ಕರೆದುಕೊಂಡು ಹೋದರೆ ಕೋಟೆಯ ಒಂದೆರಡು ಬಾಗಿಲು ದಾಟುವಷ್ಟರಲ್ಲಿ ಕಾವಲಿನವರು ಮೇಲಿದ್ದವರನ್ನೆಲ್ಲ ಕೆಳಗಿಳಿಸಲು ಶುರು ಮಾಡಿದರು. ಓಬವ್ವನ ಕಿಂಡಿ ನೋಡಲೇಬೇಕೆಂದು ಬೆಳಿಗ್ಗೆಯಿಂದ ಹೇಳುತ್ತಿದ್ದ ತಂಗಿಯ ಮಗಳ ಮುಖ ಈಗಲೂ ಕಣ್ಣ ಮುಂದಿದೆ. ಆ ಮಗುವನ್ನು ಕರೆದುಕೊಂಡು ಹೋಗಲೆಂದೇ ಮರುವರ್ಷ ಮತ್ತೊಮ್ಮೆ ದುರ್ಗಕ್ಕೆ ಹೋದೆವು.

ಎರಡು ದಿನ ಸಾಕೇ?

ಸಾಕು, ಎಲ್ಲವನ್ನೂ ನೋಡುತ್ತೇನೆಂಬ ಹಟ ಇಲ್ಲದಿದ್ದರೆ. ಒಂದು ದಿನ ಊರಿಗೆ, ಒಂದು ದಿನ ಹೊರಗಿನ ಒಂದು ದಿಕ್ಕಿಗೆ ಇಟ್ಟುಕೊಳ್ಳಿ. ಉಳಿದದ್ದು ಎಲ್ಲಿಗೂ ಓಡಿ ಹೋಗುವುದಿಲ್ಲ.

ಎಲ್ಲಿ ಉಳಿದುಕೊಂಡರೆ ಅನುಕೂಲ?

ಬಸ್ಸಿನಲ್ಲೋ ರೈಲಿನಲ್ಲೋ ಬರುವವರಾದರೆ ಪಿ.ಬಿ. ರಸ್ತೆಯ ಆಸುಪಾಸು. ಪಿ.ಬಿ. ಎಂದರೆ ಪೂನಾ–ಬೆಂಗಳೂರು ರಸ್ತೆ. ಹೆದ್ದಾರಿ ಊರ ಹೊರಗೆ ಸರಿದ ಮೇಲೂ ಹಳೆಯ ಹೆಸರು ಉಳಿದುಕೊಂಡಿದೆ. ಕೆ.ಎಸ್.ಆರ್.ಟಿ.ಸಿ. ನಿಲ್ದಾಣ ಈ ರಸ್ತೆಯಲ್ಲೇ ಇದೆ, ರೈಲು ನಿಲ್ದಾಣವೂ ದೂರವಲ್ಲ. ಸ್ವಂತ ಕಾರಿನಲ್ಲಿ ಬರುವವರು, ಪುಟ್ಟ ಮಕ್ಕಳಿರುವವರು ಹೊಸ ಬಡಾವಣೆಗಳ ಕಡೆ ಹುಡುಕಬಹುದು. ಗಲಾಟೆ ಕಡಿಮೆ, ಗಾಡಿ ನಿಲ್ಲಿಸಲು ಜಾಗವೂ ಇರುತ್ತದೆ. ಮದುವೆಯ ಮುಹೂರ್ತಗಳು ಸಾಲಾಗಿರುವ ವಾರಾಂತ್ಯಗಳಲ್ಲಿ ಕೋಣೆ ಸಿಗುವುದು ಕಷ್ಟ. ಬರುವ ಮುನ್ನ ಪಂಚಾಂಗದ ಮೇಲೊಮ್ಮೆ ಕಣ್ಣಾಡಿಸಿದರೆ ಒಳ್ಳೆಯದು.

ಬೆಣ್ಣೆ ದೋಸೆಗೆ ಯಾವ ಹೋಟೆಲಿಗೆ ಹೋಗಬೇಕು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಆದರೂ ಒಂದು ಹೆಸರು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಇಲ್ಲಿ ಪ್ರತಿ ಮನೆಗೂ ಅದರದೇ ಹೋಟೆಲ್ ಇದೆ. ಅಪ್ಪ ಕರೆದುಕೊಂಡು ಹೋದ ಹೋಟೆಲಿಗೆ ಮಗನೂ ಹೋಗುತ್ತಾನೆ. ಹೋಟೆಲ್ ಗುರುತಿಸುವ ಬಗೆಯನ್ನು ಮಾತ್ರ ಹೇಳಬಲ್ಲೆ: ಕಟ್ಟಿಗೆ ಒಲೆ ಇರಬೇಕು, ಕಾವಲಿ ಕಣ್ಣಿಗೆ ಕಾಣುವಂತಿರಬೇಕು, ತಟ್ಟೆಗಾಗಿ ಕಾಯುವವರಲ್ಲಿ ಊರಿನವರು ಇರಬೇಕು.

ಕಾಯುವ ಹತ್ತು ನಿಮಿಷ ಮೊಬೈಲ್ ಜೇಬಿಗೆ ಹಾಕಿ ಕಾವಲಿಯ ಹತ್ತಿರ ನಿಂತು ನೋಡಿ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ ಪೊರಕೆಯಿಂದ ಒಮ್ಮೆ ಗುಡಿಸುತ್ತಾರೆ. ಚುಂಯ್ ಎಂದು ಹಬೆ ಎದ್ದು ಹೊಗೆಯೊಂದಿಗೆ ಸೇರಿಕೊಳ್ಳುತ್ತದೆ. ಒಂದೇ ಅಳತೆಯ ಸೌಟು ಸಾಲಾಗಿ ಹಿಟ್ಟು ಸುರಿಯುತ್ತಾ ಹೋಗುತ್ತದೆ. ತಿರುವುವ ಕೈ ಒಂದರ ಅಂಚು ಇನ್ನೊಂದಕ್ಕೆ ತಾಗದ ಹಾಗೆ ನಿಲ್ಲುತ್ತದೆ. ಈ ಹಿಟ್ಟಿನಲ್ಲಿ ಅಕ್ಕಿ, ಉದ್ದಿನಬೇಳೆಯ ಜೊತೆಗೆ ನಮ್ಮೂರಿನ ಮಂಡಕ್ಕಿಯೂ ಅರೆದುಕೊಂಡಿರುತ್ತದೆ. ದೋಸೆಯ ಮೇಲ್ಮೈಯಲ್ಲಿ ಸಣ್ಣ ಸಣ್ಣ ಕಣ್ಣುಗಳು ಬಿಡುವ ಹೊತ್ತಿಗೆ ಬೆಣ್ಣೆ ಬೀಳುತ್ತದೆ, ಆ ಕಣ್ಣುಗಳಲ್ಲಿ ಇಳಿಯುತ್ತದೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಕಾಯಿ ಚಟ್ನಿ ಮತ್ತು ಅರಿಸಿನ ಕಾಣದ ಬಿಳಿ ಆಲೂಗಡ್ಡೆ ಪಲ್ಯ. ಸಾಂಬಾರು ಕೇಳಬೇಡಿ, ಈ ದೋಸೆಗೆ ಅದು ಜೋಡಿಯಲ್ಲ.

ಬೆಳಿಗ್ಗೆ ಎಂಟರ ಒಳಗೆ ಹೋದರೆ ನೆಮ್ಮದಿಯಾಗಿ ಕೂತು ತಿನ್ನಬಹುದು. ಭಾನುವಾರ ಒಂಬತ್ತೂವರೆಗೆ ಹೋದವರು ಗೋಡೆಗೆ ಒರಗಿ ನಿಂತುಕೊಂಡೇ ತಿನ್ನಲು ಸಿದ್ಧರಾಗಿರಬೇಕು.

ಬೆಣ್ಣೆ, ಖಾಲಿ, ಓಪನ್: ಏನು ವ್ಯತ್ಯಾಸ?

ಬೆಣ್ಣೆ ದೋಸೆ ಗರಿಗರಿ. ಖಾಲಿ ದೋಸೆ ಮೆತ್ತಗಿರುತ್ತದೆ. ಹಲ್ಲಿಲ್ಲದ ಅಜ್ಜಿಗೂ ಚಿಕ್ಕ ಮಗುವಿಗೂ ಅದೇ ಸರಿ. ಓಪನ್ ದೋಸೆಯನ್ನು ಮಡಿಚುವುದಿಲ್ಲ, ಪಲ್ಯವನ್ನೂ ಚಟ್ನಿಪುಡಿಯನ್ನೂ ಮೇಲೆಯೇ ಹಾಕಿ ಕೊಡುತ್ತಾರೆ. ನಾಲ್ಕು ಜನ ಹೋಗಿದ್ದರೆ ಎಂಟು ದೋಸೆ ಒಟ್ಟಿಗೆ ಹೇಳಬೇಡಿ. ಎರಡೆರಡೇ ಹೇಳಿ, ಹಂಚಿಕೊಂಡು ತಿನ್ನಿ. ಆರಿದ ಬೆಣ್ಣೆ ದೋಸೆಗೆ ಬೆಣ್ಣೆ ದೋಸೆಯ ರುಚಿ ಇರುವುದಿಲ್ಲ.

ಕುಂದವಾಡ ಕೆರೆ, ಗಾಜಿನ ಮನೆ ಎರಡನ್ನೂ ಒಂದೇ ಸಲ ನೋಡಬಹುದೇ?

ನೋಡಬಹುದು, ಎರಡೂ ಒಂದೇ ಕಡೆ ಇವೆ. ಆದರೆ ಕೆರೆಗೆ ಬೆಳಗಿನ ಹೊತ್ತು ಸರಿ, ಗಾಜಿನ ಮನೆಗೆ ಸಂಜೆ ಸರಿ. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಕೆರೆಯನ್ನು ಆರಿಸುತ್ತೇನೆ. ಸೂರ್ಯ ಏಳುವ ಹೊತ್ತಿಗೆ ಏರಿಯ ಮೇಲೆ ನಡೆಯಲು ಬರುವವರ ಸಾಲು ಇರುತ್ತದೆ: ನಿವೃತ್ತ ಮೇಷ್ಟರು, ಕಾಲೇಜು ಹುಡುಗರು, ಕೈಯಲ್ಲಿ ಕ್ಯಾಮೆರಾ ಹಿಡಿದು ಹಕ್ಕಿ ಹುಡುಕುವವರು. ಈ ಕೆರೆಯಲ್ಲಿ ನಿಂತಿರುವುದು ಭದ್ರಾ ನಾಲೆಯಿಂದ ಬಂದ ನೀರು. ಊರಿನವರು ಕುಡಿಯುವುದೂ ಇದನ್ನೇ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ದಡದಲ್ಲಿ ಬಿಸಾಡುವುದನ್ನು ಕಂಡಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ತಂದದ್ದನ್ನು ವಾಪಸು ಒಯ್ಯಿರಿ.

ಕೆರೆ ಸುತ್ತಿ, ಹಸಿದ ಹೊಟ್ಟೆಯಲ್ಲಿ ಊರಿಗೆ ಬಂದು ದೋಸೆ ತಿನ್ನುವುದು: ಶನಿವಾರದ ಬೆಳಗಿಗೆ ಇಷ್ಟು ಸಾಕು.

ಮಧ್ಯಾಹ್ನ ಏನು ಮಾಡುವುದು?

ಏನೂ ಮಾಡಬೇಡಿ. ಹನ್ನೆರಡೂವರೆಯಿಂದ ನಾಲ್ಕರವರೆಗಿನ ಹೊತ್ತನ್ನು ಖಾಲಿ ಬಿಡಿ. ಬಯಲು ಸೀಮೆಯ ಬಿಸಿಲು ಕಾರಿನೊಳಗೂ ಬಿಡುವುದಿಲ್ಲ. ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿಸಿಕೊಂಡು ಉಂಡು, ಕೋಣೆಗೆ ಹೋಗಿ ಮಲಗಿ. ಮಲಗಲು ಒಪ್ಪದ ಮಂದಿ ಬಟ್ಟೆ ಅಂಗಡಿಗಳಿಗೆ ಹೋಗಬಹುದು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರಿದು. ಗಿರಣಿಗಳ ಕಾಲ ಮುಗಿದರೂ ಮದುವೆಯ ಜವಳಿಗೆ ಸುತ್ತಲಿನ ಜಿಲ್ಲೆಗಳವರು ಇಂದಿಗೂ ಇಲ್ಲಿಗೇ ಬರುತ್ತಾರೆ.

ಸಂಜೆಗೆ ಏನಿದೆ?

ಮಂಡಕ್ಕಿ–ಮೆಣಸಿನಕಾಯಿ! ಸಂಜೆ ಐದು ದಾಟುತ್ತಿದ್ದಂತೆ ರಾಂ ಆ್ಯಂಡ್ ಕೋ ವೃತ್ತದ ಆಸುಪಾಸಿನಲ್ಲೂ ಬೇರೆ ಬೇರೆ ಬಡಾವಣೆಗಳ ಮೂಲೆಗಳಲ್ಲೂ ಗಾಡಿಗಳು ಕಾಣಿಸಿಕೊಳ್ಳುತ್ತವೆ. ಕಾಗದದ ಮೇಲೆ ಖಾರ ಮಂಡಕ್ಕಿ, ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮೆಣಸಿನಕಾಯಿ ಬಜ್ಜಿ. ಪುಟಾಣಿ (ಹುರಿಗಡಲೆ) ಪುಡಿ ಹಾಕಿ ಕಲಸಿದ ನರ್ಗಿಸ್ ಮಂಡಕ್ಕಿಯನ್ನು ಬೇರೆ ಊರಿನಲ್ಲಿ ಹುಡುಕಿ ನಿರಾಸೆಪಟ್ಟವರು ನನಗೆ ಗೊತ್ತು.

ಕುತೂಹಲ ಇದ್ದವರು ಹಳೇ ಊರಿನ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ಬರಬೇಕು. ಅದು ಪ್ರವಾಸಿ ತಾಣವಲ್ಲ, ದುಡಿಯುವವರ ಜಾಗ. ಆದ್ದರಿಂದ ಮೊದಲು ಕೇಳಿ: "ಅಣ್ಣಾ, ಐದು ನಿಮಿಷ ನಿಂತು ನೋಡಬಹುದೇ?" ಹೀಗೆ ಕೇಳಿದಾಗ ನನಗೆ ಬೇಡ ಎಂದವರಿಲ್ಲ. ಕಾದ ಮರಳಿನೊಳಗೆ ಅಕ್ಕಿ ಬಿದ್ದ ಕೂಡಲೇ ಚಟಪಟ ಸದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಬೊಗಸೆ ಅಕ್ಕಿ ಮೊರದ ತುಂಬ ಮಂಡಕ್ಕಿಯಾಗಿರುತ್ತದೆ. ಜರಡಿ ಹಿಡಿದು ಮರಳು ಉದುರಿಸುವ ಕೈಗೆ ಒಂದು ಲಯವಿದೆ. ಆ ಬೆಂಕಿಯ ಮುಂದೆ ದಿನವಿಡೀ ನಿಲ್ಲುವವರ ಬೆವರು ನೋಡಿದ ಮೇಲೆ ಮಂಡಕ್ಕಿಯ ಚೀಲಕ್ಕೆ ಚೌಕಾಸಿ ಮಾಡಲು ನನಗೆ ಬಾಯಿ ಬಂದಿಲ್ಲ. ಬಿಸಿ ಮಂಡಕ್ಕಿಯನ್ನೇ ಒಂದು ಚೀಲ ಕಟ್ಟಿಸಿಕೊಳ್ಳಿ. ಊರಿಗೆ ಒಯ್ಯಲು ಅದಕ್ಕಿಂತ ಹಗುರವಾದ ಉಡುಗೊರೆ ಇಲ್ಲ.

ಊರಿನಲ್ಲಿ ವೃತ್ತಿ ರಂಗಭೂಮಿಯ ಕಂಪನಿಯೇನಾದರೂ ಬೀಡುಬಿಟ್ಟಿದ್ದರೆ ರಾತ್ರಿಯ ಆಟಕ್ಕೆ ಹೋಗಿ. ಚಿಂದೋಡಿ ಲೀಲಾ ಅವರ ಊರಿದು. ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರನ್ನು ಇಲ್ಲಿನ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

ಊರೊಳಗೆ ಓಡಾಡುವುದು ಹೇಗೆ?

ಆಟೋ, ನಗರ ಸಾರಿಗೆ ಬಸ್ಸು, ನಿಮ್ಮ ಗಾಡಿ. ಹಳೇ ಊರಿನ ಪೇಟೆ ಬೀದಿಗಳಿಗೆ ಕಾರು ತರಬೇಡಿ. ಹೊರಗೆ ನಿಲ್ಲಿಸಿ ನಡೆದೇ ಹೋಗಿ. ಆಟೋ ಹತ್ತುವ ಮುನ್ನ ದರ ಮಾತಾಡಿಕೊಳ್ಳಿ. ಬಡಾವಣೆಯ ಹೆಸರಿನ ಜೊತೆಗೆ ಹತ್ತಿರದ ವೃತ್ತದ ಹೆಸರನ್ನೂ ಹೇಳಿ. ಈ ಊರಿನಲ್ಲಿ ವಿಳಾಸ ಹೇಳುವುದೇ ವೃತ್ತಗಳ ಲೆಕ್ಕದಲ್ಲಿ: ಜಯದೇವ ವೃತ್ತ, ಗಾಂಧಿ ವೃತ್ತ, ಗುಂಡಿ ವೃತ್ತ. ಕುಂದವಾಡದಂಥ ಅಂಚಿನ ಜಾಗಕ್ಕೆ ಬೆಳಗಿನ ಜಾವ ಹೋಗುವುದಿದ್ದರೆ ಹಿಂದಿನ ರಾತ್ರಿಯೇ ಒಬ್ಬ ಆಟೋದವರಿಗೆ ಹೇಳಿಡಿ.

ಹರಿಹರಕ್ಕೆ ಅರ್ಧ ದಿನ ಸಾಕೇ?

ಧಾರಾಳ ಸಾಕು. ದೂರ 14 ಕಿ.ಮೀ., ಬಸ್ಸುಗಳು ಒಂದರ ಹಿಂದೊಂದು ಇವೆ, ರೈಲೂ ಇದೆ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಒಳಗಿನ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಪೂಜಾರಿಗಳು ಆರತಿ ಎತ್ತಿದಾಗ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದನ್ನು ಗಮನಿಸಿ. ಒಂದೇ ಮುಖದಲ್ಲಿ ಎರಡು ದೇವರು ಕಾಣುವ ಕ್ಷಣ ಅದು. ಹೊರಬಂದ ಮೇಲೆ ಮಂಟಪದ ಹೊಳೆಯುವ ಕಂಬಗಳ ನಡುವೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ನಡುಮಧ್ಯಾಹ್ನವೂ ಅಲ್ಲಿನ ಕಲ್ಲು ತಣ್ಣಗಿರುತ್ತದೆ. ಆವರಣದಲ್ಲಿ ಆಳೆತ್ತರದ ಹಳಗನ್ನಡ ಶಾಸನಗಳಿವೆ. ಅಕ್ಷರಗಳನ್ನು ಬೆರಳಿನಿಂದ ತೋರಿಸಿ ಮಕ್ಕಳಿಗೆ ಓದಿಸಲು ನೋಡಿ. ಒಂದೆರಡು ಅಕ್ಷರ ಗುರುತು ಸಿಕ್ಕರೆ ಅವರ ಹಿಗ್ಗು ನೋಡಬೇಕು.

ಮಳೆಗಾಲದಲ್ಲಿ ಹೊಳೆ ತುಂಬಿದಾಗ ನೀರಿಗೆ ಇಳಿಯಬಾರದು. ದಡದಿಂದ ನೋಡಿದರೆ ಸಾಕು.

ಪುಟ್ಟ ಮಕ್ಕಳಿದ್ದಾರೆ, ಅವರಿಗಾಗಿ ಏನಾದರೂ?

ಚಿತ್ರದುರ್ಗದ ಹೆದ್ದಾರಿಯಲ್ಲಿ ಆನಗೋಡಿನ ಹತ್ತಿರ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯವಿದೆ. ಮೈಸೂರಿನ ಮೃಗಾಲಯದಷ್ಟು ದೊಡ್ಡದೆಂದು ಹೇಳಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಚಿಕ್ಕದಾಗಿರುವುದೇ ಅದರ ಅನುಕೂಲ, ಮಕ್ಕಳ ಕಾಲು ಸೋಲುವುದರೊಳಗೆ ಮುಗಿಯುತ್ತದೆ. ಇನ್ನು ಕೊಂಡಜ್ಜಿ. ಊರಿನಿಂದ ಸುಮಾರು 15 ಕಿ.ಮೀ. ದೂರದಲ್ಲಿ ಗುಡ್ಡ, ಕಾಡು, ಕೆರೆ ಒಂದೇ ಕಡೆ ಸೇರಿವೆ. ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಅಲ್ಲಿರುವುದರಿಂದ ಶಾಲಾ ದಿನಗಳಲ್ಲಿ ಶಿಬಿರಕ್ಕೆ ಹೋದ ನೆನಪು ನಮ್ಮ ಕಡೆಯ ಎಷ್ಟೋ ಜನರಿಗಿದೆ. ಬುತ್ತಿ ಕಟ್ಟಿಕೊಂಡು ಹೋಗಿ, ಅಲ್ಲಿ ಊಟದ ಹೋಟೆಲ್ ನಂಬಿಕೊಂಡು ಹೋಗಬೇಡಿ.

ಚಿತ್ರದುರ್ಗದ ಕೋಟೆಗೆ ಎಷ್ಟು ಹೊತ್ತು ಬೇಕು? ಹೋಗುವುದು ಹೇಗೆ?

ಕೋಟೆಗೇ ಮೂರರಿಂದ ನಾಲ್ಕು ತಾಸು ಬೇಕು. ದಾವಣಗೆರೆಯಿಂದ ಸುಮಾರು 60 ಕಿ.ಮೀ.; ಬಸ್ಸಿನಲ್ಲಿ ಹೋಗುವುದೇ ಸರಿ. ರೈಲಿನಲ್ಲಿ ಹೋಗುತ್ತೇನೆಂದರೆ ಚಿಕ್ಕಜಾಜೂರಿನಲ್ಲಿ ಇಳಿದು ಗಾಡಿ ಬದಲಿಸಬೇಕಾಗುತ್ತದೆ. ದುರ್ಗ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದ ಮೇಲಿಲ್ಲ.

ಬೆಳಿಗ್ಗೆ ಎಂಟರೊಳಗೆ ಕೋಟೆಯ ಬಾಗಿಲಲ್ಲಿರಿ. ಭಾರತೀಯ ಪುರಾತತ್ವ ಇಲಾಖೆಯ ಟಿಕೆಟ್ ಇದೆ. 15 ವರ್ಷದ ಒಳಗಿನ ಮಕ್ಕಳಿಗೆ ಬೇಡ. ಮೊದಲ ಬಾಗಿಲು ದಾಟಿದ ಕೂಡಲೇ ದಾರಿ ಯಾಕೆ ಹಾವಿನಂತೆ ತಿರುಗುತ್ತದೆ ಎಂದು ಮಕ್ಕಳನ್ನೇ ಕೇಳಿ. ನೆಟ್ಟಗಿದ್ದರೆ ಆನೆ ಓಡಿ ಬಂದು ಬಾಗಿಲಿಗೆ ಗುದ್ದುತ್ತಿತ್ತು. ತಿರುವಿನಲ್ಲಿ ಆನೆಗೆ ಓಟ ಸಿಗುವುದಿಲ್ಲ. ಮುಂದೆ ಮದ್ದು ಅರೆಯುತ್ತಿದ್ದ ಹೊಂಡ ಸಿಗುತ್ತದೆ. ಅದರೊಳಗಿನ ನಾಲ್ಕು ದೈತ್ಯ ಬೀಸುವ ಕಲ್ಲುಗಳ ಮುಂದೆ ನಿಂತಾಗ ಪಾಳೆಯಗಾರರ ಯುದ್ಧ ಪಠ್ಯಪುಸ್ತಕದಿಂದ ಎದ್ದು ಬಂದಂತಾಗುತ್ತದೆ.

ನನಗೆ ಈ ಕೋಟೆಯಲ್ಲಿ ಕತ್ತಿ, ಫಿರಂಗಿಗಳ ಕಥೆಗಿಂತ ನೀರಿನ ಕಥೆಯೇ ಹೆಚ್ಚು ಇಷ್ಟ. ಮಳೆ ಕಡಿಮೆ ಬೀಳುವ ಸೀಮೆ. ಬಂಡೆಯ ಮೇಲೆ ಬಿದ್ದ ಹನಿಯೂ ಪೋಲಾಗದಂತೆ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ–ತಂಗಿ ಹೊಂಡಕ್ಕೆ ಬರುತ್ತದೆ, ಅಲ್ಲಿಂದ ಕೆಳಗಿನ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ ಇಳಿಯುತ್ತದೆ. ನಾಯಕರು ಕಟ್ಟಿದ ಗೋಡೆಗಳಿಗಿಂತ ಈ ಲೆಕ್ಕಾಚಾರವೇ ದೊಡ್ಡದೆಂದು ನನ್ನ ನಂಬಿಕೆ. ಒಳ್ಳೆಯ ಮಳೆಯಾದ ಮೇಲೆ ಹೋದರೆ ಮೆಟ್ಟಿಲುಗಳ ಪಕ್ಕದಲ್ಲೇ ನೀರು ಇಳಿಯುವುದನ್ನು ಕಾಣಬಹುದು.

ಓಬವ್ವನ ಕಿಂಡಿಗೆ ಬಂದಾಗ ದೊಡ್ಡವರೂ ಮೌನವಾಗುತ್ತಾರೆ. ಒಬ್ಬ ಮನುಷ್ಯ ನುಸುಳಿ ಬರುವಷ್ಟೇ ಜಾಗ. ಗಂಡ ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋದ ಕಾವಲುಗಾರನ ಹೆಂಡತಿ, ಕೈಗೆ ಸಿಕ್ಕ ಒನಕೆ, ಒಳಗೆ ನುಸುಳುತ್ತಿದ್ದ ಹೈದರಾಲಿಯ ಸೈನಿಕರು. ಈ ಕಥೆಯನ್ನು ಅಲ್ಲೇ, ಆ ಕಲ್ಲಿನ ಮುಂದೆಯೇ ಹೇಳಬೇಕು. ಕೊನೆಗೆ 1779ರಲ್ಲಿ ಕೋಟೆ ಹೈದರನ ವಶವಾಯಿತು, ಮದಕರಿ ನಾಯಕ ಸೆರೆಯಾದ. ಆದರೂ ದುರ್ಗದ ಜನ ಇಂದಿಗೂ ಓಬವ್ವನನ್ನು ಮನೆಯ ಹಿರಿಯಳಂತೆ ನೆನೆಯುತ್ತಾರೆ. ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತದೆ.

ಹಿಡಿತವಿರುವ ಚಪ್ಪಲಿ ಅಥವಾ ಬೂಟು ಹಾಕಿ, ಒಬ್ಬೊಬ್ಬರಿಗೂ ಒಂದೊಂದು ಲೀಟರ್ ನೀರು ಇರಲಿ. ತಿಂಡಿಯನ್ನು ಕೈಯಲ್ಲಿ ಹಿಡಿಯಬೇಡಿ, ಮಂಗಗಳಿವೆ. ಬಂಡೆಗೆ ಕೊರೆದ ಕಾಲ್ಗುಳಿಗಳನ್ನು ಹತ್ತುವ ಸಾಹಸ ಬೇಡ, ಮಳೆಯಾಗಿದ್ದರಂತೂ ಬೇಡವೇ ಬೇಡ.

ಕೋಟೆ ಮುಗಿದ ಮೇಲೆ ದುರ್ಗದಲ್ಲೇ ಇನ್ನೇನು ನೋಡಬಹುದು?

ಊಟ, ವಿಶ್ರಾಂತಿ, ಆಮೇಲೆ ಚಂದ್ರವಳ್ಳಿ. ಕೋಟೆಯ ಬೆನ್ನಿಗಿರುವ ಕಣಿವೆಯದು. ಕದಂಬ ಮಯೂರಶರ್ಮನ ಶಾಸನ ಅಲ್ಲಿದೆ. ಯುದ್ಧದ ಜೊತೆಗೆ ಕೆರೆಯ ಮಾತನ್ನೂ ಆಡುವ ಶಾಸನ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ರೋಮನ್ ನಾಣ್ಯಗಳು ಸಿಕ್ಕಿದ ಜಾಗವಿದು. ಅಂಕಲಿ ಮಠದ ಗವಿಯೊಳಗೆ ಹೋಗಲು ದಾರಿ ತೋರಿಸುವವರನ್ನು ಕರೆದುಕೊಳ್ಳಿ. ಕೋಣೆಯೊಳಗೊಂದು ಕೋಣೆ ಇಳಿಯುತ್ತಾ ಹೋಗುತ್ತದೆ. ಟಾರ್ಚ್ ಆರಿಸಿದರೆ ಪಕ್ಕದವರ ಮುಖವೂ ಕಾಣುವುದಿಲ್ಲ. ಕತ್ತಲೆಗೆ ಅಂಜುವವರು ಹೊರಗಿನ ಕೆರೆಯ ದಡದಲ್ಲೇ ಕುಳಿತಿರಲಿ.

ಸ್ವಂತ ಗಾಡಿ ಇದ್ದು, ಮಳೆಗಾಲವಾಗಿದ್ದರೆ ಚಂದ್ರವಳ್ಳಿಗೆ ಬದಲಾಗಿ ಜೋಗಿಮಟ್ಟಿ ಬೆಟ್ಟ. ಅರಣ್ಯ ಇಲಾಖೆಯ ತಪಾಸಣಾ ಗೇಟು ದಾಟಿ ಹತ್ತಬೇಕು. ಆಗಸ್ಟಿನಲ್ಲಿ ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಮೋಡ ಮೈಮೇಲೇ ಹಾದು ಹೋಗುತ್ತದೆ. ಬರಡು ಸೀಮೆಯ ನಡುವೆ ಇಂಥದ್ದೊಂದು ಜಾಗವಿದೆ ಎಂದರೆ ನಂಬದವರನ್ನು ನಾನೇ ಕರೆದುಕೊಂಡು ಹೋಗಿ ನಂಬಿಸಿದ್ದೇನೆ.

ಮನೆಯ ಹಿರಿಯರಿಗೆ ಮಂಡಿ ನೋವು. ಕೋಟೆ ಹತ್ತಲಾರರು. ಅವರನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಬಿಟ್ಟು ಹೋಗಬೇಡಿ, ದಿಕ್ಕು ಬದಲಿಸಿ. ಚನ್ನಗಿರಿಯ ಕಡೆ ಹೊರಡಿ. ಸಂತೇಬೆನ್ನೂರಿನ ಪುಷ್ಕರಣಿಗೆ ಗಾಡಿ ಹತ್ತಿರದವರೆಗೂ ಹೋಗುತ್ತದೆ. 16ನೇ ಶತಮಾನದ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಕೊಳ. ನೀರಿನ ನಡುವೆ ವಸಂತ ಮಂಟಪ, ಎದುರಿಗೆ ಮುಸಾಫಿರ್ ಖಾನಾ, ಅಂದರೆ ದಾರಿಹೋಕರ ತಂಗುಮನೆ. ಮೇಲಿನ ಕಟ್ಟೆಯಲ್ಲಿ ಕುಳಿತರೇ ಪೂರ್ತಿ ನೋಟ ಸಿಗುತ್ತದೆ, ಮೆಟ್ಟಿಲು ಇಳಿಯಬೇಕಾಗಿಲ್ಲ. ಅಲ್ಲಿಂದ ಮುಂದೆ ಸೂಳೆಕೆರೆ, ಅಂದರೆ ಶಾಂತಿಸಾಗರ. ಕೆರೆ ಎಂದು ಕರೆದರೂ ಏರಿಯ ಮೇಲೆ ನಿಂತಾಗ ಕಣ್ಣು ಹಾಯುವಷ್ಟೂ ನೀರೇ. ತಾನು ಮಾಡಿದ ತಪ್ಪಿನ ಪ್ರಾಯಶ್ಚಿತ್ತಕ್ಕೆ ಶಾಂತವ್ವ ಕಟ್ಟಿಸಿದಳೆಂದು ಕಥೆ ಹೇಳುತ್ತಾರೆ. ಶತಮಾನಗಳು ಕಳೆದರೂ ಅಡಿಕೆ ತೋಟಕ್ಕೂ ಊರುಗಳ ಕುಡಿಯುವ ನೀರಿಗೂ ಆ ಕೆರೆಯೇ ಆಧಾರ. ನಮ್ಮ ತಾಯಿ ಅಲ್ಲಿ ಹೋದಾಗಲೆಲ್ಲ ಬಾಗಿ ಒಂದು ಬೊಗಸೆ ನೀರು ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಈಜಲು ಮಾತ್ರ ಯಾರೂ ಇಳಿಯಬೇಡಿ. ದಾರಿಯಲ್ಲಿ ಸಿಗುವ ಭದ್ರಾ ನಾಲೆಗೂ ಇದೇ ಮಾತು: ಮೇಲೆ ನಿಧಾನವಾಗಿ ಕಂಡರೂ ಒಳಗೆ ಸೆಳೆತ ಜೋರು.

ಯಾವ ತಿಂಗಳು ಒಳ್ಳೆಯದು?

ಜುಲೈನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಕೋಟೆಯ ಬಂಡೆ ಕಾದ ಕಾವಲಿಯಂತಿರುತ್ತದೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬೇಸಿಗೆಯ ಆರಂಭದಲ್ಲಿ ಬರುತ್ತದೆ. ಜಾತ್ರೆ ನೋಡಲೆಂದೇ ಬರುವವರಿಗೆ ಅದರಷ್ಟು ಸಂಭ್ರಮ ಬೇರೆ ಇಲ್ಲ, ಊರು ನೋಡಲು ಬರುವವರು ಆ ದಿನಗಳನ್ನು ಬಿಟ್ಟು ಬನ್ನಿ. ನಾಟಕದ ಹುಚ್ಚಿದ್ದವರು ನವೆಂಬರ್ ಮೊದಲ ವಾರ ಆರಿಸಿಕೊಳ್ಳಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಆಗ ನಾಟಕೋತ್ಸವ ನಡೆಯುತ್ತದೆ. ಬಯಲು ರಂಗಮಂದಿರದ ಮೆಟ್ಟಿಲುಗಳಲ್ಲಿ ಹಳ್ಳಿಯವರ ನಡುವೆ ಕುಳಿತು ನಾಟಕ ನೋಡಲೆಂದೇ ಒಂದು ವಾರಾಂತ್ಯ ಕೊಡಬಹುದು.

ಮಳೆ ಹಿಡಿದುಕೊಂಡರೆ?

ದೋಸೆಗೂ ಮಂಡಕ್ಕಿಗೂ ಮಳೆ ಅಡ್ಡಿಯಲ್ಲ, ಹರಿಹರದ ಮಂಟಪಕ್ಕೂ ಅಲ್ಲ. ದುರ್ಗದಲ್ಲಿ ಸಿಕ್ಕಿಹಾಕಿಕೊಂಡರೆ ರಂಗಯ್ಯನ ಬಾಗಿಲ ಬಳಿಯ ವಸ್ತುಸಂಗ್ರಹಾಲಯಕ್ಕೆ ಹೋಗಿ.

ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಆಸೆ. ಹೇಗೆ ಹೊಂದಿಸುವುದು?

ಹೊರಡುವ ಮುನ್ನ ಪ್ರತಿಯೊಬ್ಬರಿಂದಲೂ ಒಂದೇ ಒಂದು ಜಾಗದ ಹೆಸರು ಕೇಳಿ. ಅವನ್ನು ದಿಕ್ಕಿನ ಪ್ರಕಾರ ಜೋಡಿಸಿ. ಹೆಚ್ಚು ಹೆಸರು ಬಿದ್ದ ದಿಕ್ಕಿಗೆ ಹೋಗಿ, ಉಳಿದವರ ಆಸೆಯನ್ನು ಮುಂದಿನ ಸಲಕ್ಕೆ ಮಾತು ಕೊಟ್ಟು ನಡೆಸಿಕೊಡಿ. ಮಕ್ಕಳ ಹೆಸರನ್ನು ಮೊದಲು ಬರೆದುಕೊಳ್ಳಿ. ದೊಡ್ಡವರು ಮರೆತಾರು, ಅವರು ಮರೆಯುವುದಿಲ್ಲ.

ಭಾನುವಾರ ಸಂಜೆ ಬೆಂಗಳೂರಿಗೆ ಹಿಂತಿರುಗಬೇಕು. ದುರ್ಗದಿಂದಲೇ ಹೋಗಲೇ, ದಾವಣಗೆರೆಗೆ ಬರಲೇ?

ಬಸ್ಸು ಅಥವಾ ಕಾರಾದರೆ ದುರ್ಗದಿಂದಲೇ ಹೊರಡಿ. ಅದು ಬೆಂಗಳೂರಿನ ದಾರಿಯಲ್ಲೇ ಇರುವುದರಿಂದ ಹಿಂದಕ್ಕೆ 60 ಕಿ.ಮೀ. ಬರುವುದು ವ್ಯರ್ಥ. ಹಾಗಾಗಿಯೇ ಬೆಂಗಳೂರಿನವರಿಗೆ ಶನಿವಾರ ದಾವಣಗೆರೆ, ಭಾನುವಾರ ದುರ್ಗ ಎಂದು ಹೇಳುವುದು. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಇದನ್ನೇ ತಿರುವಿ ಹಾಕಿ: ಮೊದಲು ದುರ್ಗ, ಆಮೇಲೆ ದಾವಣಗೆರೆ, ಹೊರಡುವ ದಾರಿಯಲ್ಲಿ ಹರಿಹರ. ರೈಲಿಗೆ ಹೋಗುವವರು ದಾವಣಗೆರೆಗೇ ಬರಬೇಕು. ಜನಶತಾಬ್ದಿ, ವಂದೇ ಭಾರತ್ ಎರಡೂ ಇಲ್ಲಿ ನಿಲ್ಲುತ್ತವೆ. ಭಾನುವಾರದ ಸೀಟು ಬೇಗ ತುಂಬುತ್ತದೆ, ಬರುವಾಗಿನ ಟಿಕೆಟ್ ತೆಗೆಸುವ ದಿನವೇ ಹೋಗುವಾಗಿನದನ್ನೂ ತೆಗೆಸಿಡಿ. ಮಂಡಕ್ಕಿ ಚೀಲವನ್ನು ಸಾಮಾನಿನ ಕೆಳಗೆ ಇಡಬೇಡಿ, ಎಲ್ಲದರ ಮೇಲಿರಲಿ.